ಮುಟ್ಟು ನಿಲ್ಲುವ ಕಾಲದಲ್ಲಿ ರೈತ ಮಹಿಳೆಯ ಆಹಾರ, ಗುಳಿಗೆ ಮತ್ತು ವ್ಯಾಯಾಮ

(ರೈತ ಮಹಿಳೆಯರು ಹಾಗೂ ವಿಸ್ತರಣಾ ಕಾರ್ಯಕರ್ತರ ಶಿಬಿರದಲ್ಲಿ ನೀಡಿದ ಉಪನ್ಯಾಸ)



ಹೊಲದಲ್ಲಿ ಬೆಳೆ ಹಳದಿಗೆ ತಿರುಗಿದರೆ ರೈತ ಸುಮ್ಮನೆ ಕೂರುವುದಿಲ್ಲ. ಎಲೆ ಕಿತ್ತು ನೋಡುತ್ತಾನೆ, ನಾಲ್ಕು ಜನರನ್ನು ಕೇಳುತ್ತಾನೆ, ಮಣ್ಣನ್ನು ಪರೀಕ್ಷೆಗೆ ಕಳಿಸುತ್ತಾನೆ. ಹಸು ಒಂದು ಹೊತ್ತು ಮೇವು ಬಿಟ್ಟರೆ ಪಶುವೈದ್ಯರಿಗೆ ಹೇಳಿ ಕಳಿಸುತ್ತಾನೆ. ಆದರೆ ಅದೇ ಮನೆಯ ನಲವತ್ತೈದು ವರ್ಷದ ಗೃಹಿಣಿ ರಾತ್ರಿಯೆಲ್ಲ ಬೆವತು, ನಿದ್ದೆಗೆಟ್ಟು, ಬೆಳಗಿನ ಜಾವ ಎದ್ದು ಕೊಟ್ಟಿಗೆ ಬಾಚಿ, ಅಡಿಗೆ ಮಾಡಿ, ಕಳೆ ಕೀಳಲು ಹೊಲಕ್ಕೆ ಹೋದರೆ ಅವಳ ಸ್ಥಿತಿಯನ್ನು ಕೇಳುವವರು ಕಡಿಮೆ. ‘ವಯಸ್ಸಾಯಿತು, ಇನ್ನೇನು’ ಎಂಬ ಒಂದೇ ಮಾತಿನಲ್ಲಿ ವಿಷಯ ಮುಗಿದುಹೋಗುತ್ತದೆ. ಅವಳೂ ಸಂಕೋಚದಿಂದ ಯಾರಲ್ಲೂ ಹೇಳಿಕೊಳ್ಳುವುದಿಲ್ಲ.

ಮುಟ್ಟು ನಿಲ್ಲುವ ಕಾಲವು ರೋಗವಲ್ಲ. ಆದರೆ ಆ ಕಾಲದಲ್ಲಿ ತೆಗೆದುಕೊಳ್ಳುವ ಎಚ್ಚರಿಕೆಯ ಮೇಲೆ ಮುಂದಿನ ಮೂವತ್ತು ವರ್ಷದ ಆರೋಗ್ಯ ನಿಂತಿದೆ. ಆದುದರಿಂದ ಇದನ್ನು ಸಂಕೋಚವಿಲ್ಲದೆ ತಿಳಿಯುವುದು ಅಗತ್ಯ.

ಈ ಕಾಲದಲ್ಲಿ ದೇಹದಲ್ಲಿ ಏನಾಗುತ್ತದೆ?

ನಮ್ಮ ದೇಶದ ಮಹಿಳೆಯರಲ್ಲಿ ಸಾಮಾನ್ಯವಾಗಿ 46-47ನೆಯ ವಯಸ್ಸಿನ ಸುಮಾರಿಗೆ ಮುಟ್ಟು ನಿಲ್ಲುತ್ತದೆ. ಸತತವಾಗಿ 12 ತಿಂಗಳು ಮುಟ್ಟು ಕಾಣಿಸದಿದ್ದರೆ ಮಾತ್ರ ‘ನಿಂತಿತು’ ಎನ್ನಬಹುದು. ಇದಕ್ಕೆ ಮೊದಲಿನ ಕೆಲವು ವರ್ಷಗಳೇ ಏರುಪೇರಿನ ಕಾಲ. ಅಂಡಾಶಯಗಳಲ್ಲಿ ತಯಾರಾಗುವ ಈಸ್ಟ್ರೋಜನ್ ಎಂಬ ಹಾರ್ಮೋನು ಒಂದು ತಿಂಗಳು ಹೆಚ್ಚು, ಇನ್ನೊಂದು ತಿಂಗಳು ಕಡಿಮೆ ಎಂಬಂತೆ ಏರಿಳಿಯುತ್ತದೆ. ಮುಂಗಾರು ಹಿಂದು ಮುಂದಾದಂತೆ ಮುಟ್ಟೂ ಹಿಂದು ಮುಂದಾಗುತ್ತದೆ. ಒಮ್ಮೆ ಇಪ್ಪತ್ತು ದಿನಕ್ಕೇ ಬರುತ್ತದೆ, ಒಮ್ಮೆ ಎರಡು ತಿಂಗಳಾದರೂ ಬರುವುದಿಲ್ಲ. ಈ ಅವಧಿಯಲ್ಲಿ ಗರ್ಭ ನಿಲ್ಲುವ ಸಾಧ್ಯತೆ ಇನ್ನೂ ಇರುತ್ತದೆ ಎಂಬುದನ್ನು ಮರೆಯಬಾರದು.

ಇದ್ದಕ್ಕಿದ್ದಂತೆ ಎದೆ, ಕುತ್ತಿಗೆ, ಮುಖಕ್ಕೆ ಬಿಸಿ ಏರಿ ಬೆವರುವುದು, ನಿದ್ದೆ ಬಾರದಿರುವುದು, ಎದೆ ಡವಗುಟ್ಟುವುದು, ಕೀಲುನೋವು, ಬೇಸರ, ಸಣ್ಣ ಮಾತಿಗೂ ಸಿಡುಕು, ಮರೆವು, ಕೆಮ್ಮಿದಾಗ ಮೂತ್ರ ಸೋರುವುದು - ಇವು ಸಾಮಾನ್ಯ ಲಕ್ಷಣಗಳು. ಎಲ್ಲರಿಗೂ ಎಲ್ಲವೂ ಬರುವುದಿಲ್ಲ.

ಕಣ್ಣಿಗೆ ಕಾಣದ ಇನ್ನೊಂದು ಬದಲಾವಣೆಯೂ ಇದೆ. ಈಸ್ಟ್ರೋಜನ್ ಮೂಳೆಯನ್ನು ಕಾಯುತ್ತದೆ. ಅದು ಇಳಿದಾಗ, ಮುಟ್ಟು ನಿಲ್ಲುವ ಒಂದು ವರ್ಷ ಮೊದಲಿನಿಂದ ಎರಡು ಮೂರು ವರ್ಷ ನಂತರದವರೆಗೆ, ಬೆನ್ನುಮೂಳೆಯ ಸಾಂದ್ರತೆ ವರ್ಷಕ್ಕೆ ಸುಮಾರು ಶೇಕಡಾ 2ರಷ್ಟು ಕಡಿಮೆಯಾಗಬಹುದು. ಮಾಂಸಖಂಡವೂ ಸೊರಗುತ್ತದೆ. ಇಳಿಜಾರಿನ ಹೊಲದಲ್ಲಿ ಬದು ಒಡೆದರೆ ಮೇಲ್ಮಣ್ಣು ಸದ್ದಿಲ್ಲದೆ ಕೊಚ್ಚಿಹೋಗುವ ರೀತಿ ಇದು. ಎಪ್ಪತ್ತರ ವಯಸ್ಸಿನಲ್ಲಿ ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದಾಗ ಮಾತ್ರ ನಷ್ಟ ತಿಳಿಯುತ್ತದೆ.

ಗರ್ಭಕೋಶ ತೆಗೆಸುವ ಆತುರ ಬೇಡ

ಈ ಕಾಲದಲ್ಲಿ ಕೆಲವರಿಗೆ ರಕ್ತಸ್ರಾವ ಬಹಳವಾಗುತ್ತದೆ. ಆಗ ‘ಹೇಗಿದ್ದರೂ ಮಕ್ಕಳಾಗಿವೆ, ಗರ್ಭಕೋಶ ತೆಗೆಸಿಬಿಟ್ಟರೆ ಪೀಡೆ ಹೋಯಿತು’ ಎಂಬ ಮಾತು ಹಳ್ಳಿಗಳಲ್ಲಿ ಬೇಗ ಬರುತ್ತದೆ. ಕಲಬುರಗಿ ಜಿಲ್ಲೆಯ ತಾಂಡಾಗಳಲ್ಲಿ ಬಡ ಮಹಿಳೆಯರಿಗೆ ಅನಗತ್ಯವಾಗಿ ಗರ್ಭಕೋಶ ತೆಗೆದ ಪ್ರಕರಣಗಳು 2015ರಲ್ಲಿ ಸರ್ಕಾರದ ತನಿಖೆಗೆ ಒಳಗಾದವು. ಮಹಾರಾಷ್ಟ್ರದ ಬೀಡ್ ಜಿಲ್ಲೆಯ ಕಬ್ಬು ಕಡಿಯುವ ಹೆಣ್ಣುಮಕ್ಕಳ ಇಂಥದೇ ಕಥೆ 2019ರಲ್ಲಿ ದೇಶಕ್ಕೆಲ್ಲ ತಿಳಿಯಿತು. ಅನಗತ್ಯ ಗರ್ಭಕೋಶ ಶಸ್ತ್ರಚಿಕಿತ್ಸೆಗಳನ್ನು ತಡೆಯುವ ಮಾರ್ಗಸೂಚಿಯನ್ನು ಎಲ್ಲ ರಾಜ್ಯಗಳೂ ಮೂರು ತಿಂಗಳೊಳಗೆ ಜಾರಿಗೆ ತರಬೇಕೆಂದು ಸರ್ವೋಚ್ಚ ನ್ಯಾಯಾಲಯ 2023ರ ಏಪ್ರಿಲ್ 5ರಂದು ಆದೇಶಿಸಿತು.

ಗರ್ಭಕೋಶದ ಜೊತೆಗೆ ಅಂಡಾಶಯಗಳನ್ನೂ ತೆಗೆದರೆ ನಾಲ್ಕಾರು ವರ್ಷಗಳಲ್ಲಿ ನಿಧಾನವಾಗಿ ಆಗಬೇಕಾದ ಬದಲಾವಣೆ ಒಂದೇ ದಿನದಲ್ಲಿ ಆಗಿಬಿಡುತ್ತದೆ. ಮೈ ಬಿಸಿ ಏರುವುದು ಜೋರಾಗುತ್ತದೆ, ಮೂಳೆ ಬೇಗ ಸವೆಯುತ್ತದೆ, ಹೃದಯದ ಕಾಯಿಲೆಯ ಭಯವೂ ಹೆಚ್ಚುತ್ತದೆ. ಗರ್ಭಕೋಶವನ್ನಷ್ಟೇ ತೆಗೆದರೂ ಕೆಲವರಲ್ಲಿ ಅಂಡಾಶಯಗಳು ಬೇಗ ಸೋಲುತ್ತವೆ. ಜೊತೆಗೆ ಸಾಲದ ಹೊರೆ ಬೇರೆ. ಬಹಳಷ್ಟು ಸಂದರ್ಭಗಳಲ್ಲಿ ರಕ್ತ ಹೋಗುವುದನ್ನು ಗುಳಿಗೆಗಳಿಂದ ಅಥವಾ ಹಾರ್ಮೋನು ಸೂಸುವ ವಂಕಿಯಿಂದ ಹತೋಟಿಗೆ ತರಬಹುದು. ಕ್ಯಾನ್ಸರ್ ಅಥವಾ ಬೇರಾವ ಚಿಕಿತ್ಸೆಗೂ ಬಗ್ಗದ ಗಡ್ಡೆ ಇದ್ದಲ್ಲಿ ಶಸ್ತ್ರಚಿಕಿತ್ಸೆ ಬೇಕಾಗುತ್ತದೆ, ನಿಜ. ತುರ್ತು ಇಲ್ಲದಿದ್ದಲ್ಲಿ ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಯ ಸ್ತ್ರೀರೋಗ ತಜ್ಞರ ಎರಡನೆಯ ಅಭಿಪ್ರಾಯ ಕೇಳದೆ ಒಪ್ಪಿಗೆಯ ಕಾಗದಕ್ಕೆ ರುಜು ಹಾಕಬಾರದು.

ಮೊದಲು ಪರೀಕ್ಷೆ, ಆಮೇಲೆ ಗುಳಿಗೆ

‘ನಲವತ್ತು ದಾಟಿದ ಮಹಿಳೆಯರಿಗೆ’ ಎಂದು ಬರೆದ ಗುಳಿಗೆ, ಪುಡಿ, ಟಾನಿಕ್‌ಗಳು ಈಗ ಹೋಬಳಿ ಮಟ್ಟದ ಔಷಧಿ ಅಂಗಡಿಗೂ ಬಂದಿವೆ. ಮಣ್ಣು ಪರೀಕ್ಷೆ ಮಾಡಿಸದೆ ಕಂಡ ಕಂಡ ಗೊಬ್ಬರ ಸುರಿದರೆ ಹಣ ಹೋಗುತ್ತದೆ, ಕೆಲವೊಮ್ಮೆ ಬೆಳೆಯೂ ಹೋಗುತ್ತದೆ. ಪೂರಕ ಗುಳಿಗೆಗಳ ವಿಷಯವೂ ಹೀಗೆಯೇ. ಯಾವ ಅಂಶ ಕೊರತೆಯಿದೆಯೋ ಅದನ್ನು ಮಾತ್ರ ತುಂಬಬೇಕು.

1. ಕಬ್ಬಿಣಾಂಶ: ಸ್ರಾವ ಹೆಚ್ಚಾಗಿರುವವರಲ್ಲಿ ಸುಸ್ತು, ಏದುಸಿರು, ಎದೆ ಡವಗುಟ್ಟುವುದಕ್ಕೆ ರಕ್ತಹೀನತೆಯೇ ಕಾರಣವಾಗಿರಬಹುದು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 15ರಿಂದ 49 ವರ್ಷದ ಮಹಿಳೆಯರಲ್ಲಿ ಅರ್ಧಕ್ಕೆ ಸಮೀಪ ಮಂದಿ ರಕ್ತಹೀನರೆಂದು ಕಂಡುಬಂದಿದೆ. ಹಿಮೋಗ್ಲೋಬಿನ್ 12 ಗ್ರಾಂಗಿಂತ ಕಡಿಮೆ ಇದ್ದರೆ ವೈದ್ಯರು ಹೇಳಿದಷ್ಟು ದಿನ ಗುಳಿಗೆ ನುಂಗಬೇಕು. ಗುಳಿಗೆ ನುಂಗಿ ಒಂದು ಗಂಟೆ ಕಾಫಿ, ಟೀ ಕುಡಿಯಬಾರದು. ನಿಂಬೆಹಣ್ಣು, ನೆಲ್ಲಿಕಾಯಿ, ಸೀಬೆಹಣ್ಣಿನ ಜೊತೆಯಲ್ಲಿ ಕಬ್ಬಿಣಾಂಶ ಚೆನ್ನಾಗಿ ಮೈಗೆ ಹತ್ತುತ್ತದೆ.

2. ಸುಣ್ಣಾಂಶ: ದಿನಕ್ಕೆ 1000 ಮಿಲಿಗ್ರಾಂ, ಮುಟ್ಟು ನಿಂತ ಮೇಲೆ 1200 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕೆಂದು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ನಿಗದಿ ಮಾಡಿದೆ. ಆಹಾರದಲ್ಲಿ ಸಿಕ್ಕಿದಷ್ಟು ಸಿಕ್ಕಿ, ಉಳಿದಷ್ಟಕ್ಕೆ ಮಾತ್ರ ಗುಳಿಗೆ. ಒಂದು ಸಲಕ್ಕೆ 500 ಮಿಲಿಗ್ರಾಂ ಮೀರಬಾರದು. ಕಬ್ಬಿಣದ ಗುಳಿಗೆಗೂ ಸುಣ್ಣಾಂಶದ ಗುಳಿಗೆಗೂ ಎರಡು ಗಂಟೆ ಅಂತರವಿರಲಿ. ಒಟ್ಟಿಗೆ ನುಂಗಿದರೆ ಕಬ್ಬಿಣ ವ್ಯರ್ಥವಾಗುತ್ತದೆ. ಮೂತ್ರಪಿಂಡದಲ್ಲಿ ಕಲ್ಲು ಆಗಿದ್ದವರು ವೈದ್ಯರನ್ನು ಕೇಳಿಯೇ ತೆಗೆದುಕೊಳ್ಳಬೇಕು.

3. ಡಿ ಜೀವಸತ್ವ: ಸುಣ್ಣಾಂಶ ಮೂಳೆಗೆ ಸೇರಲು ಇದು ಬೇಕು. ಬಿಸಿಲಿನಿಂದ ಚರ್ಮದಲ್ಲಿ ತಯಾರಾಗುತ್ತದೆ. ಕೊರತೆ ಕಂಡರೆ 60,000 ಯೂನಿಟ್ಟಿನ ಪುಡಿ ಅಥವಾ ಗುಳಿಗೆಯನ್ನು ವಾರಕ್ಕೊಂದರಂತೆ ಕೆಲವು ವಾರ ಕೊಡುತ್ತಾರೆ. ಅದನ್ನು ದಿನಾ ನುಂಗುವುದಾಗಲಿ, ಹೇಳಿದ ಅವಧಿ ಮೀರಿ ಮುಂದುವರಿಸುವುದಾಗಲಿ ಅಪಾಯ. ಮೈಯಲ್ಲಿ ಸಂಗ್ರಹವಾಗಿ ವಿಷವಾಗುತ್ತದೆ.

4. ಬಿ-12 ಜೀವಸತ್ವ: ಸಸ್ಯಾಹಾರಿಗಳಲ್ಲಿ ಇದರ ಕೊರತೆ ಹೆಚ್ಚು. ಅಂಗಾಲು ಜೋಮು ಹಿಡಿಯುವುದು, ಮರೆವು, ಸುಸ್ತು ಇದ್ದರೆ ಪರೀಕ್ಷೆ ಮಾಡಿಸಬೇಕು. ಥೈರಾಯ್ಡ್ ಗ್ರಂಥಿಯ ತೊಂದರೆಯೂ ಇಂಥದೇ ಲಕ್ಷಣ ತೋರಿಸುವುದರಿಂದ ಅದನ್ನೂ ನೋಡಿಸುವುದು ಒಳ್ಳೆಯದು.

ಹಾಗಾದರೆ ಈ ಗುಳಿಗೆಗಳಿಂದ ಮೈ ಬಿಸಿ ಏರುವುದು ನಿಲ್ಲುತ್ತದೆಯೇ? ಇಲ್ಲ. ಇವು ಕೊರತೆಯನ್ನು ತುಂಬುತ್ತವೆ, ಅಷ್ಟೆ. ಬಿಸಿ ಏರುವುದಕ್ಕೆಂದು ಮಾರುವ ಗಿಡಮೂಲಿಕೆಯ ಗುಳಿಗೆಗಳಿಗೆ ಗಟ್ಟಿ ಆಧಾರವಿಲ್ಲ. ಸೋಯಾ ಅವರೆಯಿಂದ ಕೆಲವರಿಗೆ ಸ್ವಲ್ಪ ಗುಣ ಕಂಡಿದೆ. ಬೀದರ್, ಧಾರವಾಡ, ಬೆಳಗಾವಿ ಜಿಲ್ಲೆಗಳಲ್ಲಿ ಬೆಳೆಯುವ ಈ ಕಾಳನ್ನು ಆಹಾರವಾಗಿ ಬಳಸಿದರೆ ಸಸಾರಜನಕವಂತೂ ಸಿಗುತ್ತದೆ. ಅಶ್ವಗಂಧದ ಗುಳಿಗೆಗಳಿಂದ ಅಪರೂಪಕ್ಕೆ ಯಕೃತ್ತಿಗೆ ಹಾನಿಯಾದ ವರದಿಗಳಿವೆ. ಥೈರಾಯ್ಡ್ ಗುಳಿಗೆ ನುಂಗುವವರು ಅದನ್ನು ತಮ್ಮಷ್ಟಕ್ಕೆ ತೆಗೆದುಕೊಳ್ಳಬಾರದು. ಬಿಸಿ ಏರುವುದು ತಡೆಯಲಾರದಷ್ಟಿದ್ದರೆ ಹಾರ್ಮೋನು ಚಿಕಿತ್ಸೆಯೇ ಹೆಚ್ಚು ಪರಿಣಾಮಕಾರಿ. ಅದು ಯಾರಿಗೆ ಹೊಂದುತ್ತದೆ, ಯಾರಿಗೆ ಹೊಂದುವುದಿಲ್ಲ ಎಂಬುದನ್ನು ವೈದ್ಯರೇ ಪರೀಕ್ಷಿಸಿ ನಿರ್ಧರಿಸಬೇಕು.

ತಟ್ಟೆಯಲ್ಲಿ ಏನಿರಬೇಕು?

ಸುಮಾರು 50 ಕಿಲೋ ತೂಕದ ದುಡಿಯುವ ಮಹಿಳೆಗೆ ದಿನಕ್ಕೆ 50 ಗ್ರಾಂ ಸಸಾರಜನಕ, ಅಂದರೆ ಪ್ರೋಟೀನು, ಇರಲಿ. ಮಾಂಸಖಂಡ ಕಟ್ಟುವುದು ಇದರಿಂದಲೇ. ರಾಗಿ ಉಣ್ಣುವ ಮನೆಯಲ್ಲಿ ಲೆಕ್ಕ ಹೀಗಾಗುತ್ತದೆ:

ರಾಗಿ ಹಿಟ್ಟು 200 ಗ್ರಾಂ - ಸಸಾರಜನಕ 14 ಗ್ರಾಂ, ಸುಣ್ಣಾಂಶ ಸುಮಾರು 700 ಮಿಲಿಗ್ರಾಂ.
ಹುರುಳಿ, ಅವರೆ ಅಥವಾ ತೊಗರಿ 60 ಗ್ರಾಂ - ಸಸಾರಜನಕ 13 ಗ್ರಾಂ.
ಹಾಲು, ಮೊಸರು ಸೇರಿ 400 ಮಿಲಿಲೀಟರ್ - ಸಸಾರಜನಕ 13 ಗ್ರಾಂ, ಸುಣ್ಣಾಂಶ ಸುಮಾರು 480 ಮಿಲಿಗ್ರಾಂ.
ಕಡಲೆಕಾಯಿ ಬೀಜ ಒಂದು ಹಿಡಿ, 25 ಗ್ರಾಂ - ಸಸಾರಜನಕ 6 ಗ್ರಾಂ.
ಮೊಟ್ಟೆ ಒಂದು, ಇಲ್ಲವೇ ಇನ್ನೊಂದು ಹಿಡಿ ಕಾಳು - ಸಸಾರಜನಕ 6 ಗ್ರಾಂ.

ಒಟ್ಟು ಸಸಾರಜನಕ 52 ಗ್ರಾಂ ಆಯಿತು, ಸುಣ್ಣಾಂಶವೂ 1100 ಮಿಲಿಗ್ರಾಂ ದಾಟಿತು. ರಾಗಿಯ ಸುಣ್ಣಾಂಶ ಪೂರ್ತಿ ಮೈಗೆ ಹತ್ತುವುದಿಲ್ಲ. ಮೊಳಕೆ ಕಟ್ಟಿ ಹುರಿದು ಹಿಟ್ಟು ಮಾಡಿದರೆ ಹೆಚ್ಚು ಹತ್ತುತ್ತದೆ. ನುಗ್ಗೆಸೊಪ್ಪು ಸೇರಿಸಿದರೆ ಇನ್ನೂ ಉತ್ತಮ.

ಜೋಳದ ರೊಟ್ಟಿ ಉಣ್ಣುವ ಸೀಮೆಯವರು ಮಾತ್ರ ಇಲ್ಲಿ ವಿಶೇಷ ಗಮನ ಕೊಡಬೇಕು. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣಾಂಶವಿದ್ದರೆ ಅಷ್ಟೇ ಜೋಳದಲ್ಲಿ 30 ಮಿಲಿಗ್ರಾಂ ಕೂಡ ಇಲ್ಲ. ರೊಟ್ಟಿಯ ಜೊತೆಗೆ ಗಟ್ಟಿ ಮೊಸರು, ಎಳ್ಳಿನ ಹಿಂಡಿ, ಮೆಂತ್ಯದ ಪಲ್ಯ, ಹೆಸರುಕಾಳು ದಿನವೂ ಇರಬೇಕು. ಹಾಲನ್ನೆಲ್ಲ ಡೇರಿಗೆ ಹಾಕಿ, ಮನೆಯಾಕೆಗೆ ಕರಿ ಟೀ ಉಳಿಸುವ ಪದ್ಧತಿಯನ್ನು ಇನ್ನಾದರೂ ಬಿಡಬೇಕು.

ಹೊಲದ ಕೆಲಸವೇ ವ್ಯಾಯಾಮವಲ್ಲವೇ?

ಇದು ಎಲ್ಲ ಸಭೆಗಳಲ್ಲೂ ಬರುವ ಪ್ರಶ್ನೆ. ದಿನವಿಡೀ ದುಡಿಯುವವಳಿಗೆ ಮತ್ತೆ ವ್ಯಾಯಾಮ ಏಕೆ?

ಹೊಲದ ಕೆಲಸ ಸೋಮಾರಿತನಕ್ಕಿಂತ ಖಂಡಿತ ಮೇಲು. ಆದರೆ ನಾಟಿ, ಕಳೆ, ಕೊಯ್ಲುಗಳಲ್ಲಿ ಮೈ ಗಂಟೆಗಟ್ಟಲೆ ಒಂದೇ ಭಂಗಿಯಲ್ಲಿ ಬಗ್ಗಿರುತ್ತದೆ. ಅದೇ ಸೊಂಟ, ಅದೇ ಕೈ ಸವೆಯುತ್ತವೆ. ಇದರಿಂದ ದಣಿವು ಬರುತ್ತದೆ, ಹೊಸ ಬಲ ಬರುವುದು ಕಡಿಮೆ. ಹಿಂದೆ ಒನಕೆ ಹಿಡಿದು ಕುಟ್ಟುವುದು, ಬೀಸುವ ಕಲ್ಲು ತಿರುವುದು, ಬಾವಿಯಿಂದ ನೀರು ಸೇದುವುದು ಇದ್ದವು. ಗಿರಣಿ ಮತ್ತು ನಲ್ಲಿ ಬಂದು ಆ ಕಷ್ಟ ತಪ್ಪಿದ್ದು ಒಳ್ಳೆಯದೇ ಆಯಿತು. ತೋಳು ಭುಜಗಳಿಗೆ ಬೀಳುತ್ತಿದ್ದ ಭಾರ ಮಾತ್ರ ಹೋಯಿತು.

ಮೂಳೆ ಮತ್ತು ಮಾಂಸಖಂಡಗಳು ಗಟ್ಟಿಯಾಗಬೇಕಾದರೆ ಭಾರವನ್ನು ಅಳತೆಯಲ್ಲಿ ಕೊಟ್ಟು, ಮೆಲ್ಲಮೆಲ್ಲನೆ ಏರಿಸಿ, ನಡುವೆ ವಿಶ್ರಾಂತಿ ಕೊಡಬೇಕು. ಎಳೆಯ ಹೋರಿಯನ್ನು ಮೊದಲ ದಿನವೇ ತುಂಬಿದ ಗಾಡಿಗೆ ಹೂಡುವವರಿಲ್ಲ. ಮೊದಲು ಬರಿ ನೊಗ, ಆಮೇಲೆ ಬರಿ ಗಾಡಿ, ಕೊನೆಗೆ ಹೇರು. ಇದೇ ಕ್ರಮ. ಆಸ್ಟ್ರೇಲಿಯಾದಲ್ಲಿ ಮುಟ್ಟು ನಿಂತು ಮೂಳೆ ಸವೆದಿದ್ದ 101 ಮಹಿಳೆಯರ ಅಧ್ಯಯನವೊಂದು 2018ರಲ್ಲಿ ಪ್ರಕಟವಾಯಿತು. ತಜ್ಞರ ನಿಗಾದಲ್ಲಿ ವಾರಕ್ಕೆ ಎರಡು ದಿನ, ಅರ್ಧ ಗಂಟೆ, ಎಂಟು ತಿಂಗಳು ಭಾರ ಎತ್ತಿದವರ ಬೆನ್ನುಮೂಳೆಯ ಸಾಂದ್ರತೆ ಶೇಕಡಾ 2.9ರಷ್ಟು ಏರಿತು, ಹಗುರ ವ್ಯಾಯಾಮ ಮಾಡಿದವರಲ್ಲಿ ಶೇಕಡಾ 1.2ರಷ್ಟು ಇಳಿಯಿತು. ಸ್ವೀಡನ್ ದೇಶದ 65 ಮಹಿಳೆಯರ ಅಧ್ಯಯನದಲ್ಲಿ 15 ವಾರಗಳ ಇಂಥ ವ್ಯಾಯಾಮದಿಂದ ಮೈ ಬಿಸಿ ಏರುವುದೂ ಕಡಿಮೆಯಾಯಿತೆಂದು 2019ರಲ್ಲಿ ವರದಿಯಾಗಿದೆ. ಅದು ಸಣ್ಣ ಅಧ್ಯಯನವಾದ್ದರಿಂದ ಎಲ್ಲರಿಗೂ ಹಾಗಾಗುತ್ತದೆಂದು ಭರವಸೆ ಕೊಡಲಾಗದು. ಬಲ ಬರುವುದಂತೂ ನಿಶ್ಚಯ.

ಮನೆಯಲ್ಲೇ ಮಾಡಬಹುದಾದ ಆರು ಅಭ್ಯಾಸಗಳು

ಇದಕ್ಕೆ ಯಂತ್ರಗಳು ಬೇಡ. ಮುಚ್ಚಳವಿರುವ ಎರಡು ಕ್ಯಾನು ಅಥವಾ ಬಕೆಟ್ಟು ಸಾಕು. ಒಂದು ಲೀಟರ್ ನೀರು ಒಂದು ಕಿಲೋ ತೂಗುವುದರಿಂದ ತಕ್ಕಡಿಯೂ ಬೇಡ.

1. ಕುಳಿತು ಏಳುವುದು: ಜಗಲಿ ಅಥವಾ ಕುರ್ಚಿಯಿಂದ ಕೈ ಊರದೆ ಮೇಲೇಳಿ, ನಿಧಾನವಾಗಿ ಕುಳಿತುಕೊಳ್ಳುವುದು. ಸುಲಭವಾದ ಮೇಲೆ ಎದೆಗೆ ಎರಡು ಕಿಲೋ ಧಾನ್ಯದ ಚೀಲ ಅವುಚಿಕೊಳ್ಳುವುದು.
2. ಗೋಡೆ ತಳ್ಳುವುದು: ಗೋಡೆಗೆ ಎರಡೂ ಅಂಗೈ ಊರಿ, ಮೈ ನೇರವಾಗಿಟ್ಟು, ಮೊಣಕೈ ಮಡಿಸಿ ಮುಂದೆ ಬಾಗಿ ಹಿಂದಕ್ಕೆ ತಳ್ಳುವುದು. ಮುಂದೆ ಜಗಲಿಯ ಅಂಚಿಗೆ ಕೈ ಊರಿ ಮಾಡಬಹುದು.
3. ನೆಲದಿಂದ ಭಾರ ಎತ್ತುವುದು: ಐದು ಲೀಟರ್ ನೀರಿನ ಬಕೆಟ್ಟನ್ನು ಎರಡು ಕಾಲುಗಳ ನಡುವೆ ಇಟ್ಟು, ಮೊಣಕಾಲು ಮಡಿಸಿ, ಬೆನ್ನು ಗೂನಾಗದಂತೆ ಎತ್ತಿ ನಿಂತು ಮತ್ತೆ ಇಳಿಸುವುದು.
4. ಸೆಳೆಯುವುದು: ಒಂದು ಕೈಯನ್ನು ಬೆಂಚಿನ ಮೇಲೆ ಊರಿ ಬಾಗಿ, ಇನ್ನೊಂದು ಕೈಯಲ್ಲಿ ಎರಡು ಮೂರು ಕಿಲೋ ಭಾರವನ್ನು ಸೊಂಟದವರೆಗೆ ಸೆಳೆಯುವುದು. ಆಮೇಲೆ ಕೈ ಬದಲಿಸುವುದು.
5. ಹಿಮ್ಮಡಿ ಎತ್ತುವುದು: ಕಂಬ ಹಿಡಿದು ತುದಿಗಾಲ ಮೇಲೆ ನಿಂತು ಇಳಿಯುವುದು. ನಂತರ ಒಂಟಿ ಕಾಲಿನ ಮೇಲೆ ಹತ್ತು ಎಣಿಸುವವರೆಗೆ ನಿಲ್ಲುವುದು.
6. ಭಾರ ಹಿಡಿದು ನಡೆಯುವುದು: ಎರಡೂ ಕೈಗಳಲ್ಲಿ ಸಮಭಾರದ ಕ್ಯಾನು ಹಿಡಿದು, ನೆಟ್ಟಗೆ ನಿಂತು ಮೂವತ್ತು ಹೆಜ್ಜೆ ನಡೆಯುವುದು.

ಮೊದಲ ನಾಲ್ಕನ್ನೂ ಹಿಮ್ಮಡಿ ಎತ್ತುವುದನ್ನೂ 8ರಿಂದ 12 ಸಲ ಮಾಡಿ, ಎರಡು ನಿಮಿಷ ಸುಧಾರಿಸಿಕೊಂಡು, ಇನ್ನೊಂದು ಸುತ್ತು ಮಾಡಬೇಕು. ಕೊನೆಯ ಎರಡು ಸಲ ಸ್ವಲ್ಪ ಕಷ್ಟವೆನಿಸಬೇಕು. ಹನ್ನೆರಡೂ ಸುಲಭವಾದ ದಿನ ಅರ್ಧ ಲೀಟರ್ ನೀರು ಹೆಚ್ಚಿಸಬೇಕು. ವಾರಕ್ಕೆ ಎರಡು ದಿನ, ನಡುವೆ ಎರಡು ದಿನ ಬಿಟ್ಟು ಮಾಡಿದರೆ ಸಾಕು. ಸುಗ್ಗಿಯ ಒತ್ತಡದಲ್ಲಿ ವಾರಕ್ಕೆ ಒಂದು ದಿನವಾದರೂ ಬಿಡಬಾರದು. ಸ್ವಸಹಾಯ ಸಂಘದ ಸಭೆಯ ದಿನ ಎಲ್ಲರೂ ಕೂಡಿ ಮಾಡಿದರೆ ಬಿಟ್ಟುಹೋಗುವ ಭಯವಿಲ್ಲ.

ಎಚ್ಚರಿಕೆಯ ಮಾತುಗಳು

ಭಾರ ಎತ್ತುವಾಗ ಉಸಿರು ಬಿಗಿಹಿಡಿಯಬಾರದು. ಎತ್ತುವಾಗ ಉಸಿರು ಬಿಡಬೇಕು. ರಕ್ತದ ಒತ್ತಡ, ಹೃದಯದ ಕಾಯಿಲೆ, ಹಿಂದೆ ಮೂಳೆ ಮುರಿದದ್ದು, ತೀವ್ರ ರಕ್ತಹೀನತೆ ಇದ್ದವರು ವೈದ್ಯರನ್ನು ಕೇಳಿ ಆರಂಭಿಸಬೇಕು. ಗರ್ಭಕೋಶ ಕೆಳಗೆ ಜಾರಿರುವವರು ಭಾರ ಎತ್ತುವ ಮೊದಲು ತೋರಿಸಿಕೊಳ್ಳಲೇಬೇಕು. ಇದನ್ನು ನಮ್ಮ ಹೆಣ್ಣುಮಕ್ಕಳು ವರ್ಷಗಟ್ಟಲೆ ಮುಚ್ಚಿಡುತ್ತಾರೆ. ಮೂತ್ರ ಸೋರುವವರು, ಮೂತ್ರವನ್ನು ತಡೆಹಿಡಿಯುವಾಗ ಬಿಗಿಯುವ ಭಾಗವನ್ನು ಐದು ಎಣಿಸುವವರೆಗೆ ಬಿಗಿದು ಸಡಿಲಿಸಬೇಕು. ದಿನಕ್ಕೆ ಮೂರು ಹೊತ್ತು, ಹೊತ್ತಿಗೆ ಹತ್ತು ಸಲ, ಮೂರು ತಿಂಗಳು ಮಾಡಿದರೆ ಬಹಳ ಮಂದಿಗೆ ಗುಣ ಕಾಣುತ್ತದೆ.

ಕೆಳಗಿನವುಗಳಲ್ಲಿ ಯಾವುದೊಂದು ಕಂಡರೂ ಮನೆಮದ್ದಿನಲ್ಲಿ ದಿನ ಕಳೆಯದೆ ಆಸ್ಪತ್ರೆಗೆ ಹೋಗಬೇಕು: ಮುಟ್ಟು ನಿಂತು ಒಂದು ವರ್ಷವಾದ ಮೇಲೆ ಒಂದು ಹನಿ ರಕ್ತ ಕಂಡರೂ, ಗಂಟೆಗೊಂದು ಬಟ್ಟೆ ತೊಯ್ಯುವಷ್ಟು ಸ್ರಾವವಾದರೆ, ಏಳು ದಿನ ಮೀರಿ ಹರಿದರೆ, ಎರಡು ಮುಟ್ಟಿನ ನಡುವೆ ಅಥವಾ ಗಂಡ ಹೆಂಡಿರು ಸೇರಿದ ಮೇಲೆ ರಕ್ತ ಕಂಡರೆ, ಸ್ತನದಲ್ಲಿ ಗಂಟು ಸಿಕ್ಕಿದರೆ.

ಮನೆಯವರ ಪಾಲು

ನಾಡಿನ ಅನೇಕ ಕಡೆ ಸೋಮವಾರ ಎತ್ತಿಗೆ ನೊಗ ಹೂಡುವುದಿಲ್ಲ. ಬಾಯಿಲ್ಲದ ಬಸವನಿಗೂ ವಾರಕ್ಕೊಂದು ದಿನ ವಿಶ್ರಾಂತಿ ಬೇಕೆಂದು ಹಿರಿಯರು ತಿಳಿದಿದ್ದರು. ಬಾಯಿದ್ದೂ ಹೇಳಿಕೊಳ್ಳದ ಮನೆಯಾಕೆಗೂ ಅಂಥ ಬಿಡುವು ಬೇಕಲ್ಲವೇ? ರಾತ್ರಿ ನಿದ್ದೆಗೆಟ್ಟ ದಿನ ಬೆಳಗಿನ ಹಾಲು ಕರೆಯುವ ಕೆಲಸವನ್ನು ಗಂಡ ಅಥವಾ ಮಗ ವಹಿಸಿಕೊಳ್ಳಬಹುದು. ಸಿಡುಕನ್ನು ಜಗಳವೆಂದು ತಿಳಿಯದೆ ಒಂದು ಮಾತು ಕಡಿಮೆ ಆಡಬಹುದು. ಎಲ್ಲರೂ ಉಂಡ ಮೇಲೆ ತಳ ಬಳಿದು ಉಣ್ಣುವ ಬದಲು ಅವಳೂ ಜೊತೆಯಲ್ಲೇ ಕುಳಿತು ಉಣ್ಣುವಂತೆ ನೋಡಿಕೊಂಡರೆ ಕಾಳು, ಮೊಸರು ಅವಳ ತಟ್ಟೆಗೂ ಬೀಳುತ್ತವೆ.

ವಿಸ್ತರಣಾ ಕಾರ್ಯಕರ್ತರು ಮಣ್ಣು ಪರೀಕ್ಷೆಯ ಶಿಬಿರ ಏರ್ಪಡಿಸುವ ದಿನವೇ ಪ್ರಾಥಮಿಕ ಆರೋಗ್ಯ ಕೇಂದ್ರದ ಸಿಬ್ಬಂದಿ ಮತ್ತು ಆಶಾ ಕಾರ್ಯಕರ್ತೆಯರನ್ನು ಕರೆಸಿ ಹಿಮೋಗ್ಲೋಬಿನ್ ಮತ್ತು ರಕ್ತದ ಒತ್ತಡ ನೋಡಿಸಿದರೆ ಒಂದೇ ದಿನದಲ್ಲಿ ಎರಡು ಕೆಲಸವಾಗುತ್ತದೆ. ಹೊಲದ ಮಣ್ಣಿಗೆ ಸಿಗುವ ಕಾಳಜಿ ಅದನ್ನು ಹಸನು ಮಾಡುವ ಕೈಗಳಿಗೂ ಸಿಗಲಿ.